ನನ್ನ ಎಡಗಾಲಿನ ಒತ್ತುವರಿ ಪ್ರಕರಣ

ಎಲ್ಲಕ್ಕೂ ಮೊದಲು ನಾನು ಅನುಮಾನಪಟ್ಟದ್ದು ಚಪ್ಪಲಿಯ ಮೇಲೆ. ಏಳನೇ ನಂಬರಿನ ಚಪ್ಪಲಿ ಮೂವತ್ತು ವರ್ಷದಿಂದ ನನ್ನ ಕಾಲಿಗೆ ಹೇಳಿಮಾಡಿಸಿದಂತೆ ಕೂತಿತ್ತು. ಆ ವರ್ಷ ದೀಪಾವಳಿ ಕಳೆದ ಮೇಲೆ ಬಲಗಾಲಿನದು ಎಂದಿನಂತೆಯೇ ಇದ್ದು, ಎಡಗಾಲಿನದು ಮಾತ್ರ ಬಿಗಿಯತೊಡಗಿತು. ಬೆಳಿಗ್ಗೆ ಸರಿ, ಸಂಜೆ ಬಿಗಿ. ಇದರಿಂದ ನಾನು ಕಂಡುಕೊಂಡ ಸತ್ಯವೇನೆಂದರೆ, ಈಗಿನ ಚಪ್ಪಲಿಗಳು ಬಿಸಿಲಿಗೆ ಕುಗ್ಗುತ್ತವೆ. ನಾನು ಜೀವಶಾಸ್ತ್ರದ ಲೆಕ್ಚರರ್ ಆಗಿ ನಿವೃತ್ತನಾದವನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಹೇಳಿದರೆ ನೀವು ನಂಬಲಿಕ್ಕಿಲ್ಲ.

ಕೋಲಾರದ ಪೇಟೆಯಲ್ಲಿ ಚಪ್ಪಲಿ ಅಂಗಡಿಯವನು ನನ್ನ ಪಾದವನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಸಾರ್, ಎಡಕ್ಕೆ ಒಂಬತ್ತು, ಬಲಕ್ಕೆ ಏಳು" ಎಂದ.

"ಹಾಗಾದ್ರೆ ಎಡದ್ದು ಒಂಬತ್ತು, ಬಲದ್ದು ಏಳು ಕೊಡಪ್ಪ."

"ಹಂಗೆ ಕೊಟ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಾಗ್ತದೆ ಸಾರ್."

ಎರಡು ಜೊತೆ ಕೊಂಡೆ. ಒಂಬತ್ತರ ಬಲ, ಏಳರ ಎಡ ಉಳಿದವು. ಅವನ್ನು ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕುವಾಗ ಹೆಂಡತಿ, "ಅದನ್ನ ಯಾರ್ರೀ ಹಾಕ್ಕೋತಾರೆ?" ಎಂದಳು. "ನನ್ನ ಕಾಲನ್ನ ಕನ್ನಡೀಲಿ ನೋಡಿದ ಹಾಗಿರೋ ಕಾಲು ಯಾರಿಗಾದ್ರೂ ಇದ್ದೇ ಇರುತ್ತೆ" ಎಂದೆ. ಅವಳು ಉತ್ತರ ಕೊಡಲಿಲ್ಲ. ಮದುವೆಯಾಗಿ ಬಹಳ ವರ್ಷವಾದ ಹೆಂಗಸರು ಇಂಥದ್ದಕ್ಕೆ ಉತ್ತರ ಕೊಡುವುದಿಲ್ಲ.

ಸಂಜೆ ಅವಳೇ ನನ್ನ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಚಪಾತಿ ಹಿಟ್ಟು ನಾದಿದ್ದು ಸಾಕೋ ಬೇಕೋ ಎಂದು ನೋಡುವ ಒತ್ತು ಅದು. ಗುಳಿ ಬಿತ್ತು, ನಿಧಾನಕ್ಕೆ ತುಂಬಿಕೊಂಡಿತು. "ನೀರು" ಎಂದು ತೀರ್ಪು ಕೊಟ್ಟಳು.

ನೀರು ಎಂಬ ಮಾತು ನಮ್ಮ ಸೀಮೆಯಲ್ಲಿ ಒಮ್ಮೆ ಬಾಯಿಂದ ಬಿದ್ದರೆ ಸಾಕು, ಪ್ರತಿ ಮನೆಯಿಂದಲೂ ಒಬ್ಬ ಇಂಜಿನಿಯರ್ ಹೊರಡುತ್ತಾನೆ. ಅಕ್ಕ ಉಪ್ಪು ಬಿಡಿಸಿದಳು. ಉಪ್ಸಾರನ್ನು ಉಪ್ಪಿಲ್ಲದೆ ಮಾಡಿದರೆ ಉಳಿಯುವುದು ಬರೀ ಸಾರು. ಅದರ ಜೊತೆ ಮುದ್ದೆ ಕೂಡ ಗಂಟಲಿಳಿಯಲು ಒಪ್ಪಲಿಲ್ಲ. ಅತ್ತೆಯ ಕಡೆಯವರೊಬ್ಬರು ಕಪ್ಪು ದಾರ ಮಂತ್ರಿಸಿ ಕಣಕಾಲಿಗೆ ಕಟ್ಟಿದರು. ಕಾಲು ಊದಿ ದಾರ ಮಾಂಸದೊಳಗೆ ಹೂತು, ಕತ್ತರಿಸುವುದಕ್ಕೆ ಉಗುರು ಕತ್ತರಿ ತರಬೇಕಾಯಿತು. ಗರಡಿಯಲ್ಲಿ ಪಳಗಿದ ಒಬ್ಬರು ಎಳ್ಳೆಣ್ಣೆ ಕಾಯಿಸಿ ನನ್ನ ಮೀನಖಂಡವನ್ನು ಮುದ್ದೆ ತಿರುವಿದಂತೆ ತಿರುವಿದರು. ಸುಡುನೀರಿನಲ್ಲಿ ಕಾಲಿಳಿಬಿಡು ಎಂದವರು ಏಳು ಜನ. ಬಿಸಿ ತಾಕಿದರೆ ರಕ್ತನಾಳ ಹಿಗ್ಗಿ, ಕಾಲಿಗೆ ಇನ್ನಷ್ಟು ದ್ರವ ಬಂದು ಸೇರುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಬಕೆಟ್ಟಿನಲ್ಲಿ ಇಳಿಬಿಟ್ಟ ಕಾಲು ಬಕೆಟ್ಟಿನಿಂದ ಹೊರಗೆ ಬರಲು ತಕರಾರು ಮಾಡಿದ ದಿನ ಅರ್ಧ ತಿಳಿದಿತ್ತು.

ಶ್ರೀನಿವಾಸಪುರದ ನನ್ನ ಷಡ್ಡಕ ಮಾತ್ರ ಆಧುನಿಕ. ಅವನಿಗೆ ಡಾಕ್ಟರು ಬರೆದುಕೊಟ್ಟಿದ್ದ ಮೂತ್ರದ ಮಾತ್ರೆಯಲ್ಲಿ ಒಂದನ್ನು ನನ್ನ ಅಂಗೈಗೆ ಹಾಕಿ, "ಭಾವ, ನುಂಗಿ. ಊರು ಸೇರೋ ಹೊತ್ತಿಗೆ ಕಾಲು ಕಡ್ಡಿಯಾಗಿರುತ್ತೆ" ಎಂದ. ನುಂಗಿದೆ. ಮೇಲೊಂದು ಲೋಟ ನೀರು ಕುಡಿದೆ. ಕೋಲಾರದ ಬಸ್ಸು ಹತ್ತಿದೆ. ಈ ಮೂರು ಕೆಲಸಗಳನ್ನು ಈ ಕ್ರಮದಲ್ಲಿ ಯಾರೂ ಮಾಡಬಾರದು.

ಊರ ಅಂಚು ದಾಟುವಷ್ಟರಲ್ಲಿ ಮೊದಲ ಸಲ ನಿಲ್ಲಿಸಿದೆ. ಹುಣಿಸೆಮರ. ಸ್ವಲ್ಪ ಮುಂದಕ್ಕೆ ಎರಡನೇ ಸಲ. ಮೂರನೆಯ ಸಲಕ್ಕೆ ಕಂಡಕ್ಟರು, "ಯಜಮಾನ್ರೆ, ಬೇಜಾರು ಮಾಡ್ಕೋಬೇಡಿ, ನೀವು ಇಲ್ಲೇ ಇದ್ದು ಪೂರ್ತಿ ಮುಗಿಸ್ಕೊಂಡು ಮುಂದಿನ ಬಸ್ಸಿಗೆ ಬನ್ನಿ" ಎಂದು ಸೀಟಿ ಊದಿದ. ಜೂನ್ ತಿಂಗಳು. ರಸ್ತೆಯ ಎರಡೂ ಬದಿ ಮಾವಿನ ತೋಪು, ತೋತಾಪುರಿ ನೆಲ ಮುಟ್ಟುವಂತೆ ಜೋತುಬಿದ್ದಿದೆ. ಶ್ರೀನಿವಾಸಪುರದ ಮಾವಿನ ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ಪಂಚೆ ಎತ್ತಿಕೊಂಡು ಗಿಡದ ಮರೆಗೆ ಓಡುವವನನ್ನು ಏನೆಂದು ತಿಳಿಯಬೇಕೋ ಕಾವಲುಗಾರ ಹಾಗೇ ತಿಳಿದ.

"ಎವುರ್ರಾ ಅದಿ?" ಎಂದು ಅಟ್ಟಣೆಯಿಂದ ಕೂಗಿ, ದೊಣ್ಣೆ ಹಿಡಿದು ಇಳಿದ. ಓಡುವ ಹಾಗಿಲ್ಲ, ನಿಲ್ಲುವ ಹಾಗೂ ಇಲ್ಲ. ಹತ್ತಿರ ಬಂದವನ ಕಣ್ಣು ನನ್ನ ಎಡಗಾಲಿನ ಮೇಲೆ ಬಿತ್ತು. ದೊಣ್ಣೆ ಕೆಳಗೆ ಹಾಕಿ, "ಅಯ್ಯೋ ದೇವ್ರೇ, ಪಾಮು!" ಎಂದು ಕಿರುಚಿದ. ಹಾವು ಕಡಿದು ಕಾಲು ಊದಿದೆ ಎಂದು ಅವನ ಲೆಕ್ಕ. ನಾನು ಬಾಯಿ ಬಿಡುವ ಮೊದಲೇ ನಾಲ್ಕು ಜನ ಸೇರಿ ನನ್ನ ತೊಡೆಗೆ ಹಗ್ಗ ಬಿಗಿದು, ಹಣ್ಣಿನ ಟೆಂಪೋದಲ್ಲಿ ಕ್ರೇಟುಗಳ ಮೇಲೆ ಮಲಗಿಸಿದರು. ಇದು ಹಾವಲ್ಲ, ಆರು ತಿಂಗಳಿಂದಲೂ ಹೀಗೇ ಇದೆ ಎಂದರೆ, "ವಿಷ ಏರಿದರೆ ಹಿಂಗೇ ಏನೇನೋ ಮಾತಾಡ್ತಾರೆ" ಎಂದು ಒಬ್ಬ ನನ್ನ ತಲೆ ಸವರಿದ. ದಾರಿಯಲ್ಲಿ ಟೆಂಪೋವನ್ನೂ ಎರಡು ಸಲ ನಿಲ್ಲಿಸಿದೆ.

ಆ ಮಾತ್ರೆಯ ತಪ್ಪೇನೂ ಇರಲಿಲ್ಲ. ಅದು ಮೈಯ ನೀರನ್ನು ಹೊರಗೆ ಹಾಕುತ್ತದೆ, ಹಾಕಿತು. ನನ್ನ ಕಾಲಲ್ಲಿ ನಿಂತದ್ದು ಬರೀ ನೀರಾಗಿರಲಿಲ್ಲ, ಪ್ರೋಟೀನು ಬೆರೆತ ರಸ. ನೀರು ಒಂದಿಷ್ಟು ಹೊರಟರೂ ಪ್ರೋಟೀನು ಅಲ್ಲೇ ಕೂತು ನೀರನ್ನು ವಾಪಸು ಕರೆಸಿಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಕಾಲು ಹಾಗೇ ಇತ್ತು. ನಾನು ಮಾತ್ರ ಒಣಗಿದ್ದೆ.

ಮನುಷ್ಯ ಪ್ರಯತ್ನ ಮುಗಿದ ಮೇಲೆ ಕುರುಡುಮಲೆ ಗಣಪತಿ. ಮುಳಬಾಗಿಲಿನಿಂದ ಹತ್ತು ಕಿಲೋಮೀಟರಿನಷ್ಟು ದೂರ. ಒಂದೇ ಕಲ್ಲಿನ ಹದಿಮೂರೂವರೆ ಅಡಿಯ ವಿಗ್ರಹ. ಹೊಸ ಕೆಲಸ ಶುರುಮಾಡುವ ಮೊದಲು ಜನ ಅವನ ಮುಂದೆ ನಿಲ್ಲುತ್ತಾರೆ. ಅವನಿಗೆ ಆನೆಯ ಮುಖ, ನನಗೆ ಆನೆಯ ಕಾಲು, ಇಬ್ಬರಿಗೂ ಪರಸ್ಪರ ಅರ್ಥವಾದೀತು ಎಂದು ಬರಿಗಾಲಿನಲ್ಲಿ ಇಪ್ಪತ್ತೊಂದು ಪ್ರದಕ್ಷಿಣೆ ಹರಕೆ ಹೊತ್ತೆ. ಮಟಮಟ ಮಧ್ಯಾಹ್ನ, ಕಲ್ಲುಹಾಸು ಕಾವಲಿಯಂತೆ ಕಾದಿತ್ತು. ಹಿಮ್ಮಡಿಯಲ್ಲಿ ಮೊದಲೇ ಬಿರುಕು, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಪ್ರದಕ್ಷಿಣೆ ಮುಗಿಸಿ, ಅಕ್ಕನ ಕಣ್ಣು ತಪ್ಪಿಸಿ ಮುಳಬಾಗಿಲಿನಲ್ಲಿ ಎರಡು ದೋಸೆ ಹೊಡೆದೆ: ದಪ್ಪನೆಯವು, ತುಪ್ಪ ಸುರಿದು ಕೆಂಪಗೆ ಬೇಯಿಸಿದವು, ಉಪ್ಪು ಹಾಕಿದವು. ಆ ದಿನ ನನಗೆ ನೆನಪಿರುವ ಸುಖ ಅದೊಂದೇ.

ರಾತ್ರಿ ಹತ್ತಕ್ಕೆ ಹಲ್ಲು ಕಟಕಟ ಎನ್ನುವ ಚಳಿ. ಮೂರು ರಗ್ಗು ಹೊದಿಸಿದರು. ಬೆಳಗಾದಾಗ ಕಾಲು ಮೊಣಕಾಲವರೆಗೆ ಕೋಲಾರದ ಟೊಮೆಟೊ ಬಣ್ಣಕ್ಕೆ ತಿರುಗಿ ಸುಡುತ್ತಿತ್ತು. ಮಾರ್ಕೆಟ್ಟಿಗೆ ಹಾಕಿದ್ದರೆ ಒಳ್ಳೆಯ ರೇಟು ಬರುತ್ತಿತ್ತು. ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ, ಸೆಲ್ಯುಲೈಟಿಸ್. ಇಂಥ ಜ್ವರ ಹಿಂದೆಯೂ ಎರಡು ಸಲ ಬಂದು ಹೋಗಿತ್ತು. ಎರಡು ಸಲವೂ ನಾನು ಅದಕ್ಕೆ 'ವೈರಲ್' ಎಂದು ಹೆಸರಿಟ್ಟು ಕಳಿಸಿಕೊಟ್ಟಿದ್ದೆ. ಅದು ಪ್ರತಿ ಸಲ ಬಂದು ಹೋಗುವಾಗಲೂ ಕಾಲಿನೊಳಗಿನ ಸಣ್ಣ ಕಾಲುವೆಗಳನ್ನು ಇಷ್ಟಿಷ್ಟೇ ಹಾಳುಮಾಡಿ ಹೋಗುತ್ತಿತ್ತು.

ಆಂಟಿಬಯೋಟಿಕ್ ಮುಗಿದ ಮೇಲೆ ಡಾಕ್ಟರು ಒಂದು ವಿಚಿತ್ರ ಕೆಲಸ ಮಾಡಿದರು. ನನ್ನ ಎಡಗಾಲಿನ ಎರಡನೇ ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತಲು ನೋಡಿದರು. ಬಲಗಾಲಿನದು ಎದ್ದು ಬಂತು, ಎಡಗಾಲಿನದು ಬರಲಿಲ್ಲ. "ಸ್ಟೆಮ್ಮರ್ ಚಿಹ್ನೆ. ಲಿಂಫೆಡಿಮಾ, ಅಂದರೆ ದುಗ್ಧರಸ ನಿಂತು ಬರುವ ಊತ" ಎಂದರು. ಈ ಚಿಹ್ನೆಗೆ ಬೇಕಾದದ್ದು ಎರಡು ಬೆರಳು, ಒಂದು ಕಾಲು. ಯಂತ್ರ ಬೇಡ, ರಿಪೋರ್ಟು ಬೇಡ. ಮುಂದಿನ ಹದಿನೈದು ದಿನ ನಮ್ಮ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ನನ್ನ ಕಾಲ್ಬೆರಳು ಸಿಗುತ್ತಿತ್ತು. ಬರುವವರು ಕಡಿಮೆಯಾದರು.

"ಯಾವಾಗಾದರೂ ಕಲಬುರಗಿ ಕಡೆ ಇದ್ದಿರಾ?" ಎಂದು ಡಾಕ್ಟರು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಇದ್ದೆ, ನಾಲ್ಕು ವರ್ಷ. ಆನೆಕಾಲು ರೋಗ ಬೇರುಬಿಟ್ಟಿದ್ದ ಜಿಲ್ಲೆ. 2004ರಲ್ಲಿ ದೇಶದ ಇಂಥ ಜಿಲ್ಲೆಗಳಲ್ಲಿ ವರ್ಷಕ್ಕೊಂದು ಸಲ ಮನೆಮನೆಗೆ ಆ ರೋಗ ತಡೆಯುವ ಡಿಇಸಿ ಮಾತ್ರೆ ಹಂಚಲು ಶುರುಮಾಡಿದಾಗ ನಮ್ಮ ಕಾಲೇಜಿನಲ್ಲಿ ಮೈಕು ಹಿಡಿದು, "ಎದುರಿಗೇ ನುಂಗಬೇಕು, ಮನೆಗೆ ತೆಗೆದುಕೊಂಡು ಹೋಗುವಂತಿಲ್ಲ" ಎಂದು ಗುಡುಗಿದ್ದು ನಾನೇ. ನನ್ನ ಪಾಲಿನ ಮಾತ್ರೆಗಳನ್ನು ನಾಲಿಗೆಯ ಕೆಳಗಿಟ್ಟುಕೊಂಡು ಸ್ಟಾಫ್ ರೂಮಿನ ಕಿಟಕಿಯಿಂದ ಉಗುಳಿದ್ದೂ ನಾನೇ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಆನೆಕಾಲು ರೋಗ ತರುವ ಹುಳುವಿನ ಮರಿಗಳು ರಾತ್ರಿಪಾಳಿಯವು. ಹಗಲೆಲ್ಲ ಮೈಯೊಳಗೆ ಎಲ್ಲೋ ಅಡಗಿದ್ದು, ಸೊಳ್ಳೆ ಕಚ್ಚಲು ಬರುವ ಹೊತ್ತಿಗೆ ಸರಿಯಾಗಿ ಚರ್ಮದ ಬಳಿಯ ರಕ್ತಕ್ಕೆ ಬಂದು ಕಾಯುತ್ತವೆ. ಸೊಳ್ಳೆಗೂ ಅವಕ್ಕೂ ಇರುವ ಈ ಒಪ್ಪಂದವನ್ನು 1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪತ್ತೆಹಚ್ಚಲು ಹೊರಟವನು ಪ್ಯಾಟ್ರಿಕ್ ಮ್ಯಾನ್ಸನ್. ಆದ್ದರಿಂದ ರಕ್ತವನ್ನೂ ರಾತ್ರಿ ಹತ್ತರ ಮೇಲೇ ತೆಗೆಯಬೇಕು.

"ರಾತ್ರಿ ಹತ್ತೂವರೆಗೆ ರಕ್ತ ಕೊಡೋಕೆ ಹೋಗ್ತೀನಿ ಅಂತೀರಲ್ಲ, ಇದನ್ನ ನಾನು ನಂಬಬೇಕಾ?" ಎಂದು ಹೆಂಡತಿಯೂ ಜೊತೆಗೆ ಬಂದಳು. ಬೆಂಚಿನ ಮೇಲೆ ಇಬ್ಬರೂ ಹುಳು ಏಳುವುದನ್ನು ಕಾಯುತ್ತ ಕೂತೆವು. ಅವಳು ನಿದ್ದೆ ಹೋದಳು, ನನಗೆ ಹತ್ತು ಸೊಳ್ಳೆ ಕಚ್ಚಿತು. ಫಲಿತಾಂಶ: ಹುಳು ಇಲ್ಲ. ಕಾಲು ಕೆಟ್ಟಿರುವುದು ಮೂರು ಸಲದ ಸೆಲ್ಯುಲೈಟಿಸ್‌ನಿಂದ. ಸಮಾಧಾನವಾಯಿತು, ಜೊತೆಗೆ ಸಣ್ಣ ಅವಮಾನವೂ ಆಯಿತು. ಸುಶ್ರುತ ಸಂಹಿತೆ ಶ್ಲೀಪದವೆಂದು ಕರೆದು, ಹಳೆಯ ನೀರು ನಿಂತಿರುವ ತಂಪು ಸೀಮೆಗಳಲ್ಲಿ ಹೆಚ್ಚು ಎಂದು ಹೇಳುವ ಪ್ರಾಚೀನ ಕಾಯಿಲೆಗೂ ನಾನು ಲಾಯಕ್ಕಲ್ಲ. ಆಗಲೇಬೇಕಾದದ್ದೇ, ನಮ್ಮ ಕಡೆ ನೀರು ನಿಲ್ಲುವುದಿರಲಿ, ಬೋರ್‌ವೆಲ್ ಸಾವಿರ ಅಡಿ ಇಳಿದರೂ ಬರುತ್ತಿದ್ದದ್ದು ಧೂಳು.

"ಫಿಸಿಯೋಥೆರಪಿಯವರನ್ನು ಕಾಣಿ, ಬ್ಯಾಂಡೇಜು ಕಟ್ಟುವುದನ್ನು ಕಲಿಸುತ್ತಾರೆ" ಎಂದು ಡಾಕ್ಟರು ಚೀಟಿ ಬರೆದರು. ಬ್ಯಾಂಡೇಜು ಕಟ್ಟುವುದನ್ನು ಕಲಿಯುವುದೇ? ಸ್ಕೌಟ್ಸ್‌ನಲ್ಲಿ ಸರ್ಟಿಫಿಕೇಟು ತಗೊಂಡವನು ನಾನು. ಮೆಡಿಕಲ್ ಅಂಗಡಿಯಿಂದ ಕ್ರೇಪ್ ಬ್ಯಾಂಡೇಜು ತಂದು ಮೊಣಕಾಲಿನಿಂದ ಶುರುಮಾಡಿ, ಮೇಲೆ ಚೆನ್ನಾಗಿ ಬಿಗಿದು, ಕೆಳಗೆ ಬರುತ್ತ ಸಡಿಲ ಬಿಟ್ಟೆ. ಸರಿಯಾದ ಕ್ರಮ ಇದರ ತದ್ವಿರುದ್ಧ: ಬೆರಳ ಬುಡದಿಂದ ಹೊರಟು ಕೆಳಗೆ ಹೆಚ್ಚು ಬಿಗಿ, ಮೇಲೇರಿದಂತೆ ಕಡಿಮೆ. ಹಾಗೆ ಕಟ್ಟಿದರೆ ರಸ ಮೇಲಕ್ಕೆ ಸರಿಯುತ್ತದೆ. ನಾನು ಕಟ್ಟಿದ ರೀತಿಯಲ್ಲಿ ಮೇಲೆ ಬೀಗ ಹಾಕಿ, ಕೆಳಗೆ ಜಾಗ ಮಾಡಿಕೊಟ್ಟಂತಾಗಿ ಪಾದ ಬನ್ನಿನಂತೆ ಉಬ್ಬಿತು.

ಅದೇ ಕಾಲಿನಲ್ಲಿ ಮಾಲೂರಿನ ಮದುವೆಗೆ ಹೋದೆ. ಅಣ್ಣನ ಮೊಮ್ಮಗಳ ಮದುವೆ. ಹೆಂಚು ಇಟ್ಟಿಗೆಗಳ ಊರು, ಬೀಗರೂ ಇಟ್ಟಿಗೆ ಗೂಡಿನವರೇ. ಎರಡನೇ ಪಂಕ್ತಿಯಲ್ಲಿ ಊಟಕ್ಕೇಳುವಾಗ ಬ್ಯಾಂಡೇಜಿನ ಪಿನ್ನು ಕಳಚಿಕೊಂಡಿತು. ಪಂಚೆಯ ಕೆಳಗಿನಿಂದ ಒಂದು ಮಾರು ಉದ್ದದ ಪಟ್ಟಿ ಹೊರಗೆ ಹರಿಯುತ್ತಿರುವುದು ಎಲ್ಲರಿಗೂ ಕಾಣಿಸಿತು, ನನ್ನೊಬ್ಬನನ್ನು ಬಿಟ್ಟು. ಸಣ್ಣ ಹುಡುಗನೊಬ್ಬ ಅದರ ತುದಿ ಹಿಡಿದು ಬಸ್ಸು ಬಿಡತೊಡಗಿದ. ಹಿಂದೆ ಇಬ್ಬರು ಪ್ಯಾಸೆಂಜರ್ ಹತ್ತಿದರು. ಸಾಂಬಾರಿನ ಬಕೆಟ್ಟು ಹಿಡಿದು ಬರುತ್ತಿದ್ದವನು ಪಟ್ಟಿಗೆ ಕಾಲು ಸಿಕ್ಕಿಸಿಕೊಂಡ. ಸಾಂಬಾರು ಎಲ್ಲಿ ಬಿತ್ತು ಎಂದು ಬರೆಯುವುದಿಲ್ಲ. ಬೀಗರು ಈಗಲೂ ಮಾತಾಡಿಸುತ್ತಿಲ್ಲ, ಬರೆದರೆ ಹೆಚ್ಚಾಗುತ್ತದೆ. ಅಣ್ಣ ಹತ್ತಿರ ಬಂದು, "ಲೋ, ಪಂಚೆ ಬಿಚ್ಚೋಗೋದು ನೋಡಿದ್ದೆ, ಕಾಲು ಬಿಚ್ಚೋಗೋದನ್ನ ಇವತ್ತೇ ನೋಡಿದ್ದು" ಎಂದ.

ಮರುದಿನ ಚೀಟಿ ಹುಡುಕಿಕೊಂಡು ಫಿಸಿಯೋಥೆರಪಿಗೆ ಹೋದೆ. ಬಿಳಿ ಕೋಟಿನ ಹೆಣ್ಣುಮಗಳು ಎದ್ದುನಿಂತು, "ಸಾರ್, ನೀವಾ?" ಎಂದಳು. ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿ. ಮೊದಲ ಬೆಂಚು.

"ಸಾರ್, ನೆನಪಿದೆಯಾ? ರಕ್ತಪರಿಚಲನೆ ಪಾಠ ಮುಗಿಸಿದಾಗ ನಾನು ಎದ್ದು, 'ದುಗ್ಧರಸ ಅಂದ್ರೇನು ಸಾರ್' ಅಂತ ಕೇಳಿದ್ದೆ."

"ನಾನೇನಂದೆ?"

"'ಅದು ಎರಡು ಮಾರ್ಕಿಂದು, ಮನೇಲಿ ಓದ್ಕೋ' ಅಂದ್ರಿ."

ಮೂವತ್ತೆರಡು ವರ್ಷ ನಾನು ಹೃದಯ ಪಾಠ ಮಾಡಿದವನು. ನಾಲ್ಕು ಕೋಣೆ, ಮೂರು ಬಣ್ಣದ ಸೀಮೆಸುಣ್ಣ. ದುಗ್ಧರಸದ ಪುಟ ಬಂದಾಗ ಗಂಟೆ ಹೊಡೆಯುತ್ತಿತ್ತು, ಅಥವಾ ಹೊಡೆಯುವಂತೆ ನಾನು ನೋಡಿಕೊಳ್ಳುತ್ತಿದ್ದೆ. ರೋಗದ ವಿಷಯ ಮನೆಯಲ್ಲಿ ಹೇಳಿದಾಗ ಹೆಂಡತಿ, "ದುಗ್ಧ ಅಂದ್ರೆ ಹಾಲಲ್ವಾ? ಹಾಲು ಕಾಲಿಗಿಳಿದಿದೆಯಾ?" ಎಂದು ನಕ್ಕಿದ್ದಳು. ಅವಳೂ ಪೂರ್ತಿ ತಪ್ಪಲ್ಲ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಹೊಟ್ಟೆತುಂಬ ತಿಂದ ನಾಯಿಯೊಂದನ್ನು ಕೊಯ್ದಾಗ ಕರುಳಿನ ಸುತ್ತ ಹಾಲಿನಂಥ ರಸ ತುಂಬಿದ ಬಿಳಿ ನಾಳಗಳನ್ನು ಕಂಡ. ಕೊಬ್ಬು ಹೊತ್ತ ಈ ರಸಕ್ಕೆ ಹಾಲಿನ ಹೆಸರು ಅಂಟಿತು.

ಪಾಠ ಆ ಹುಡುಗಿಯೇ ಮಾಡಿದಳು, ನಮ್ಮೂರ ಭಾಷೆಯಲ್ಲಿ. "ಸಾರ್, ರಕ್ತನಾಳದಿಂದ ನೀರು ಮೈಯೊಳಗೆ ಗದ್ದೆಗೆ ಹಾಯ್ಸಿದ ಹಾಗೆ ಹಾಯ್ತದೆ. ಬಹಳಷ್ಟು ವಾಪಸ್ ರಕ್ತಕ್ಕೇ ಹೋಗ್ತದೆ. ಮಿಕ್ಕಿದ್ದು ದಿನಕ್ಕೆ ಎರಡು ಮೂರು ಲೀಟರ್. ಅದನ್ನ ತಗೊಂಡು ಹೋಗೋಕೆ ಬೇರೆ ಕಾಲುವೆ, ಮಧ್ಯೆ ಮಧ್ಯೆ ಕೆರೆಗಳು. ಗಂಟುಗಳು ಅಂತೀವಲ್ಲ, ಮೈಯಲ್ಲೆಲ್ಲ ಸುಮಾರು ಆರುನೂರು. ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ. ಕೊನೇ ಕೋಡಿ ಇಲ್ಲಿ" ಎಂದು ತನ್ನ ಎಡ ಕೊರಳೆಲುಬಿನ ಹಿಂದೆ ಬೆರಳಿಟ್ಟು ತೋರಿಸಿದಳು. "ಎರಡೂ ಕಾಲಿನ ರಸ ಇಲ್ಲೇ ಬಂದು ರಕ್ತಕ್ಕೆ ಸೇರ್ಕೋಬೇಕು."

ಕೋಲಾರದವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೇ? ಕೆರೆಗಳ ಸರಪಣಿಯ ಮೇಲೆ ಬದುಕಿದ ಜಿಲ್ಲೆ ನಮ್ಮದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬೆಂಗಳೂರಿನಿಂದ ಹರಿದು ಬಂದಾಗ ಲಕ್ಷ್ಮೀಸಾಗರದ ಕೆರೆ ತುಂಬಿ, ಕೋಡಿ ಬಿದ್ದು, ನೀರು ಮುಂದಿನ ಕೆರೆಗೆ ಹೋಗುವುದನ್ನು ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದರು, ನಾನೂ ಹೋಗಿದ್ದೆ. ಕಾಲುವೆ ಹೂಳು ತುಂಬಿದ್ದಲ್ಲಿ ನೀರು ಹೊಲಕ್ಕೆ ನುಗ್ಗುತ್ತದೆ ಎಂದು ಅಲ್ಲಿ ನಿಂತು ಭಾಷಣವನ್ನೂ ಮಾಡಿದ್ದೆ. ನನ್ನ ಎಡಗಾಲಿನ ರಾಜಕಾಲುವೆ ಒತ್ತುವರಿಯಾಗಿದ್ದು ಮಾತ್ರ ನನಗೆ ತಿಳಿಯಲಿಲ್ಲ.

"ಈಗ ಎಲ್ಲಿಂದ ಶುರುಮಾಡೋಣ ಸಾರ್?" ಎಂದಳು. ಮೇಷ್ಟರನ್ನು ಪರೀಕ್ಷಿಸುವ ಸುಖ ಅವಳ ಮುಖದಲ್ಲಿತ್ತು.

"ಪಾದದಿಂದ."

"ತಪ್ಪು. ಮುಂದಿನ ಕೆರೆ ಕೋಡಿ ತೆಗೀದೆ ಹಿಂದಿನ ಕೆರೆ ನೀರು ಎಲ್ಲಿಗೆ ಹೋಗ್ಬೇಕು?"

ಕೊರಳಿನಿಂದ ಶುರುಮಾಡಿದಳು. ಉಜ್ಜುವುದಲ್ಲ, ನಾದುವುದಲ್ಲ, ಅಂಗೈ ಇಟ್ಟು ಚರ್ಮವನ್ನಷ್ಟೇ ಹಗುರಾಗಿ ಸರಿಸಿ ಬಿಡುವುದು. ನಿದ್ದೆ ಹೋದ ಮಗುವಿನ ಕೆನ್ನೆ ಸವರುವಷ್ಟೇ ಭಾರ. ಆಮೇಲೆ ಹೊಟ್ಟೆ, ತೊಡೆಸಂದು, ತೊಡೆ. ಪಾದದ ಸರದಿ ಎಲ್ಲಕ್ಕೂ ಕೊನೆ. ಗರಡಿಯವರ ಕೈಯಲ್ಲಿ ನಾನು ತಿಂದದ್ದನ್ನು ನೆನೆದು ಕಣ್ಣಲ್ಲಿ ನೀರು ಬಂತು. ಈ ಕೈಚಳಕವನ್ನು 1930ರ ದಶಕದಲ್ಲಿ ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೊಡ್ಡರ್ ದಂಪತಿ. ಅವರು ಹೊರಟದ್ದು ಕಾಲಿಗಾಗಿ ಅಲ್ಲ, ಬಿಡದೆ ಕಾಡುವ ನೆಗಡಿಯ ರೋಗಿಗಳ ಕೊರಳ ಗಂಟಿಗಾಗಿ. ನಮ್ಮ ಕಡೆಯ ಜಾಣ್ಮೆಯೂ ಇಲ್ಲದಿಲ್ಲ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್.ಆರ್. ನರಹರಿ ಮತ್ತು ಅವರ ತಂಡದವರು ಆಯುರ್ವೇದದ ಮೂಲಿಕೆಯ ನೀರು, ಯೋಗ, ಅಂಗಮರ್ದನ, ಬ್ಯಾಂಡೇಜು ಎಲ್ಲವನ್ನೂ ಸೇರಿಸಿ, ರೋಗಿ ಮನೆಯಲ್ಲೇ ಮಾಡಿಕೊಳ್ಳುವಂಥ ಕ್ರಮ ಕಟ್ಟಿದ್ದಾರೆ. ಕಲಬುರಗಿಯ ಹಳ್ಳಿಗಳಿಗೂ ಅದನ್ನು ಒಯ್ದಿದ್ದಾರೆ.

"ವಾಸಿಯಾಗುತ್ತೇನಮ್ಮಾ?"

"ಪೂರ್ತಿ ವಾಸಿ ಅಂತ ಹೇಳಲ್ಲ ಸಾರ್. ಇಳಿಯುತ್ತೆ, ಇಳಿಸಿ ಇಟ್ಕೋಬಹುದು. ದಿನಾ ಸೋಪು ಹಾಕಿ ತೊಳೀರಿ, ಬೆರಳ ಸಂದಿ ಒರೆಸಿ ಒಣಗಿಸಿ, ಎಣ್ಣೆ ಹಚ್ಚಿ. ಬರಿಗಾಲಲ್ಲಿ ಓಡಾಡಬೇಡಿ. ಜ್ವರ, ಕೆಂಪು ಕಂಡ್ರೆ ಅವತ್ತೇ ಡಾಕ್ಟರ ಹತ್ರ ಹೋಗಿ." ಪಕ್ಕದ ಮಂಚದ ಮೇಲೆ ಒಬ್ಬ ಹೆಂಗಸು ಊದಿದ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದರು. ಸ್ತನ ಕ್ಯಾನ್ಸರಿನ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆದಿದ್ದರಂತೆ. ನನ್ನ ಹಾವಿನ ಕಥೆ ಕೇಳಿ ಅವರು ನಕ್ಕ ನಗೆಗೆ ಪಟ್ಟಿ ಜಾರಿ, ಮತ್ತೆ ಮೊದಲಿನಿಂದ ಸುತ್ತಬೇಕಾಯಿತು.

ಪಟ್ಟಿಯ ಕಾಲ ಮುಗಿದು ಒತ್ತುಚೀಲದ ಕಾಲ ಬಂತು. ಕಂಪ್ರೆಷನ್ ಸ್ಟಾಕಿಂಗ್ ಎನ್ನುತ್ತಾರೆ. ನೋಡಿದರೆ ಮಗುವಿನ ಕಾಲುಚೀಲದಷ್ಟಿದೆ, ಅದರೊಳಗೆ ಆನೆ ಹೋಗಬೇಕು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಹಾಕಿಕೊಂಡು ಹೆಂಡತಿ ಅತ್ತ ಎಳೆಯುತ್ತಾಳೆ, ನಾನು ಮಂಚದ ಕಾಲು ಹಿಡಿದು ಇತ್ತ ಜಗ್ಗುತ್ತೇನೆ. ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು, "ಏನಾದ್ರೂ ಜಗಳ ಇದ್ರೆ ಕೂತು ಮಾತಾಡಿ" ಎಂದು ಹೇಳಿ ಹೋದರು.

ವಾರಕ್ಕೊಂದು ಸಲ ಟೇಪಿನಲ್ಲಿ ಮೀನಖಂಡದ ಸುತ್ತಳತೆ. ಬರೆದಿಡಲು ಕೈಗೆ ಸಿಕ್ಕ ಪುಸ್ತಕ ಹಾಲಿನ ಲೆಕ್ಕದ್ದು. ದುಗ್ಧರಸವನ್ನು ಹಾಲಿನ ಪುಸ್ತಕದಲ್ಲಿ ಬರೆಯುವುದು ಶಾಸ್ತ್ರೀಯವಾಗಿಯೂ ಸರಿ ಎಂದು ನನಗೆ ಹೆಮ್ಮೆ. ನಲವತ್ತೊಂದು, ಮೂವತ್ತೊಂಬತ್ತೂವರೆ, ಮೂವತ್ತೆಂಟು.

ತಿಂಗಳ ಕೊನೆಯಲ್ಲಿ ಹಾಲಿನಮ್ಮ ಲೆಕ್ಕಕ್ಕೆ ಬಂದಳು. ಪುಸ್ತಕ ತಿರುವಿದವಳ ಕಣ್ಣು ದೊಡ್ಡದಾಯಿತು. "ಮೇಷ್ಟ್ರೇ, ಹೋದ ಗುರುವಾರ ಮೂವತ್ತೆಂಟು ಲೀಟರ್ ತಗೊಂಡ್ರಾ? ನಮ್ಮನೇಲಿರೋದೇ ಎರಡು ಹಸ!"

ನಾನು ಪಂಚೆ ಸ್ವಲ್ಪ ಎತ್ತಿ, ಒತ್ತುಚೀಲ ತೋರಿಸಿ, ವಿಷಯ ಹೇಳಿದೆ. ಅವಳು ಏನೂ ಮಾತಾಡದೆ ಬಾಗಿಲ ಹೊರಗೆ ನೋಡಿದಳು. ಆಮೇಲೆ ಕ್ಯಾನು ಕೆಳಗಿಟ್ಟು ಸೀರೆಯ ಅಂಚನ್ನು ಒಂದು ಗೇಣು ಎತ್ತಿದಳು. ಬಲಗಾಲು. ಕಣಕಾಲೇ ಕಾಣುತ್ತಿರಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಷ್ಟೋ ವರ್ಷದಿಂದ ನಮ್ಮ ಮೆಟ್ಟಿಲು ಹತ್ತಿ ಇಳಿದ ಕಾಲು ಅದು. ನಾನು ನೋಡುತ್ತಿದ್ದದ್ದು ಹಾಲಿಗೆ ನೀರು ಬೆರೆಸಿದ್ದಾಳೋ ಇಲ್ಲವೋ ಎಂದು.

"ಎರಡನೇ ಬೆರಳ ಬುಡ ಚಿವುಟಿ ನೋಡ್ಕೊಳ್ಳಮ್ಮ" ಎಂದೆ. ಚಿವುಟಿದಳು. ಚರ್ಮ ಏಳಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ನೋಡಮ್ಮ, ನಮ್ಮ ಮೈಯಲ್ಲಿ ಸುಮಾರು ಆರುನೂರು ಕೆರೆಗಳಿವೆ..." ಎಂದು ಶುರುಮಾಡಿದೆ.

"ಪಾಠ ಆಮೇಲೆ, ಮೊದ್ಲು ಅಟ್ಟ ಹತ್ತಿ" ಎಂದಳು ಹೆಂಡತಿ.

ಒಂಬತ್ತರ ಬಲ, ಏಳರ ಎಡ. ಪೇಪರು ಬಿಡಿಸಿ ಅವಳ ಮುಂದಿಟ್ಟೆ. ಬಲದ್ದು ಸರಿಯಾಗಿ ಕೂತಿತು, ಎಡದ್ದು ಒಂದು ಬೆರಳಷ್ಟು ದೊಡ್ಡದು. "ಗಂಡಸರ ಚಪ್ಪಲಿ" ಎಂದು ಮುಖ ಸಿಂಡರಿಸಿ, ಹಜಾರದಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿದಳು. ಮತ್ತೆ ನಾಲ್ಕು ಹೆಜ್ಜೆ. ಫಿಸಿಯೋಥೆರಪಿಯ ಚೀಟಿಯನ್ನು ಹೆಂಡತಿ ಅವಳ ಸೆರಗಿನ ಗಂಟಿಗೆ ಕಟ್ಟಿದಳು.

ಹಾಲಿನ ಲೆಕ್ಕದಲ್ಲಿ ಚಪ್ಪಲಿಗೆ ಎಷ್ಟು ಮುರಿದುಕೊಳ್ಳುವುದು ಎಂಬ ಮಾತು ಬಂತು. ನಾನು ಉದಾರವಾಗಿ, ಏನೂ ಬೇಡ ಎಂದೆ. "ಹಂಗೆಲ್ಲಾ ಬಿಟ್ಟಿ ತಗೊಳ್ಳಲ್ಲ ಮೇಷ್ಟ್ರೇ" ಎಂದು ಅವಳೇ ಪೆನ್ನು ತಗೊಂಡು, ನನ್ನ ಮೂವತ್ತೆಂಟನ್ನು ಅಡ್ಡಗೀಟು ಹಾಕಿ ಹೊಡೆದುಹಾಕಿ, ಪಕ್ಕದಲ್ಲಿ 'ಮೂರು ಲೀಟರ್ ಪುಕ್ಕಟೆ' ಎಂದು ಬರೆದಳು. ಆ ವಾರದ ನನ್ನ ಕಾಲಿನ ಅಳತೆ ಈಗ ಎಲ್ಲೂ ಇಲ್ಲ.